50 ಪೈಸೆಯಲ್ಲಿ ಒಂಬತ್ತನೇ ತರಗತಿ ಮುಗಿಸಿದ್ದು

ಮಾರ್ಚ್ ತಿಂಗಳಲ್ಲಿ ಒಂಬತ್ತನೇ ತರಗತಿ ಹೇಗಿರುತ್ತದೆ ಅಂತ ಕನ್ನಡ ಪಾಠ ಮಾಡುವವರಿಗೆ ನಾನು ಹೇಳಬೇಕಾಗಿಲ್ಲ. ಪೋರ್ಷನ್ ಫೆಬ್ರವರಿಗೇ ಮುಗಿದಿರುತ್ತದೆ. ಎಸ್ಎ-2, ಅಂದರೆ ವರ್ಷದ ಕೊನೆಯ ಪರೀಕ್ಷೆ, ಇನ್ನೂ ಬಂದಿರುವುದಿಲ್ಲ. ನಮ್ಮ ಜೀವವೆಲ್ಲ ಹತ್ತನೆಯವರ ಹಿಂದೆ. ಅರ್ಧ ದಿನ ಸ್ಪೆಷಲ್ ಕ್ಲಾಸು, ಉಳಿದರ್ಧ ಪೂರ್ವಸಿದ್ಧತಾ ಪರೀಕ್ಷೆಯ ಪೇಪರು ತಿದ್ದುವುದು. ಒಂಬತ್ತನೆಯವರಿಗೆ ‘ರಿವಿಷನ್ ಮಾಡ್ಕೊಳ್ಳಿ’ ಅಂದುಬಿಡುತ್ತೇವೆ. ಅವರು ಗೈಡ್ ತೆರೆದಿಟ್ಟುಕೊಂಡು ತೂಕಡಿಸುತ್ತಾರೆ.

ನಾನೂ ಹಲವು ವರ್ಷ ಹಾಗೇ ಮಾಡಿದೆ. ಆಮೇಲೆ ಆ ದಿನಗಳಲ್ಲಿ ಅವರಿಂದ ಏನಾದರೂ ಮಾಡಿಸೋಣ ಅಂತ ಮೂರು ವರ್ಷ ಮೂರು ಥರ ಪ್ರಯತ್ನ ಮಾಡಿ ಕೈ ಸುಟ್ಟುಕೊಂಡೆ. ನಾಲ್ಕನೆಯದು, ಅಂಚೆ ಕಾರ್ಡಿನದು, ಕೈ ಹಿಡಿಯಿತು. ‘ಇದೆಲ್ಲಾ ಆಗೋ ಹೋಗೋ ಮಾತಲ್ಲ ಮೇಡಂ’ ಅಂದಿದ್ದ ನಮ್ಮ ಗಣಿತದ ಮೇಷ್ಟ್ರು ಹೋದ ವರ್ಷ ತಾವಾಗಿಯೇ ಬಂದು, ‘ನನಗೂ ಅದನ್ನ ಹೇಳಿಕೊಡಿ’ ಅಂದರು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ವರ್ಷ ಚಾರ್ಟು. ಗುಂಪಿಗೊಬ್ಬ ಕವಿ, ಒಟ್ಟು ಹನ್ನೆರಡು ಚಾರ್ಟು. ಕಲರ್ ಪ್ರಿಂಟು, ಗಮ್ಮು, ಸ್ಕೆಚ್ ಪೆನ್ನು ಎಲ್ಲ ಸೇರಿ ಸಾವಿರದ ಇನ್ನೂರು ರೂಪಾಯಿ ಹತ್ತಿರ ಆಯಿತು. ಗುಂಪಿನಲ್ಲಿ ಒಬ್ಬಳು ಬರೆದಳು, ಒಬ್ಬ ಅಂಟಿಸಿದ, ಮೂವರು ಗಮ್ಮಿನ ಮುಚ್ಚಳ ಹಿಡಿದುಕೊಂಡು ನಿಂತರು. ಆ ಚಾರ್ಟುಗಳು ಈಗಲೂ ಸ್ಟಾಫ್ ರೂಮಿನ ಬೀರು ಹಿಂದೆ ಇವೆ. ಜಿರಲೆಗಳಿಗೆ ಕವಿ ಪರಿಚಯ ಚೆನ್ನಾಗಿ ಆಗಿರಬೇಕು.

ಎರಡನೇ ವರ್ಷ ಕ್ವಿಜ್. ಕನ್ನಡದ ಜ್ಞಾನಪೀಠ ಪ್ರಶಸ್ತಿಗಳ ವರ್ಷವನ್ನೆಲ್ಲ ಮಕ್ಕಳು ಬಾಯಿಪಾಠ ಮಾಡಿದರು. 1967, 1973, 1977, 1983, 1990, 1994, 1998, 2010. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದರು. ನನಗೆ ಬಲು ಖುಷಿ. ಒಂದು ದಿನ ಸುಮ್ನೆ ಕೇಳಿದೆ: ‘1973ರವರು ಬರೆದ ಒಂದು ಸಾಲು ಹೇಳಿ.’ ಐವತ್ತು ಮಕ್ಕಳೂ ನೆಲ ನೋಡಿದರು. ಬೇಂದ್ರೆಯವರ ಹೆಸರು ಗೊತ್ತು, ವರ್ಷ ಗೊತ್ತು, ಪದ್ಯ ಮಾತ್ರ ಇಲ್ಲ.

ಮೂರನೆಯದು ಕೈಬರಹದ ಪತ್ರಿಕೆ. ಇದು ನನ್ನ ಅತಿ ದುಬಾರಿ ಪೆಟ್ಟು. ಎಲ್ಲರಿಗೂ ಒಂದೊಂದು ಪ್ರತಿ ಕೊಡೋಣ ಅಂತ ಅರವತ್ತು ಪ್ರತಿ ಜೆರಾಕ್ಸ್, ಸ್ಪೈರಲ್ ಬೈಂಡಿಂಗು. ಮೂರು ಸಾವಿರದ ನಾನೂರು ಆಯಿತು ಅಂತ ನೆನಪು. ಮಕ್ಕಳಿಂದ ತಲಾ ಇಪ್ಪತ್ತು ರೂಪಾಯಿ ಕೇಳಿದೆ, ಅರ್ಧ ಜನ ಕೊಟ್ಟರು. ಉಳಿದದ್ದು ನನ್ನ ಪರ್ಸಿನಿಂದ ಹೋಯಿತು. ಅಷ್ಟು ಖರ್ಚು ಮಾಡಿ ಓದಿದರೆ ಲೇಖನಗಳೆಲ್ಲ ಗೈಡಿನ ಸಾರಾಂಶವೇ. ಮೂವರ ಲೇಖನದಲ್ಲಿ ಒಂದೇ ಕಾಗುಣಿತ ತಪ್ಪು ಒಂದೇ ಜಾಗದಲ್ಲಿತ್ತು. ಹೆಡ್‌ಮಾಸ್ಟರ್ ಸಾರ್ ಒಂದು ಪ್ರತಿ ತಿರುವಿ ಹಾಕಿ, ‘ಬೈಂಡಿಂಗ್ ಚೆನ್ನಾಗಿದೆ ಮೇಡಂ’ ಅಂದರು.

ಆ ಮಾತು ಚುಚ್ಚಿತು. ಬೇಸಿಗೆ ರಜೆಯೆಲ್ಲ ಅದೇ ಯೋಚನೆ. ಮಕ್ಕಳು ನಕಲು ಮಾಡುವುದು ಯಾಕೆ? ನಾವು ಒಂದು ಪುಟ ತುಂಬಿಸಿ ಅನ್ನುತ್ತೇವೆ, ಅವರು ತುಂಬಿಸುತ್ತಾರೆ. ಪುಟವೇ ಇಲ್ಲದಿದ್ದರೆ? ನಕಲಿಗೆ ಜಾಗವೇ ಇಲ್ಲದಷ್ಟು ಚಿಕ್ಕದು ಕೊಟ್ಟರೆ?

ಹಾಗೆ ಹೊಳೆದದ್ದು ಅಂಚೆ ಕಾರ್ಡು. 1879ರಿಂದ ಈ ದೇಶದಲ್ಲಿರುವ ವಸ್ತು. ನಾನು ಕೊಂಡಾಗ 50 ಪೈಸೆ. ಅರವತ್ತು ಕಾರ್ಡಿಗೆ ಮೂವತ್ತು ರೂಪಾಯಿ. ಮಕ್ಕಳು ಪರೀಕ್ಷೆಯಲ್ಲಿ ‘ಇಂದ’, ‘ಗೆ’ ಅಂತ ಪತ್ರ ಬರೆಯುತ್ತಾರೆ, ಒಬ್ಬರೂ ಒಂದು ಪತ್ರವನ್ನು ನಿಜವಾಗಿ ಡಬ್ಬಕ್ಕೆ ಹಾಕಿರುವುದಿಲ್ಲ.

ಕೆಲಸ ಇಷ್ಟೇ. ವರ್ಷವಿಡೀ ಓದಿದ ಗದ್ಯ, ಪದ್ಯ, ಪಠ್ಯಪೂರಕ ಎಲ್ಲದರಿಂದ ಪ್ರತಿಯೊಬ್ಬರೂ ಒಂದೇ ಒಂದು ಸಾಲು ಆರಿಸಬೇಕು. ಅದನ್ನು ಕಾರ್ಡಿನ ಮೇಲೆ ಬರೆಯಬೇಕು. ಯಾರು ಯಾರಿಗೆ ಹೇಳಿದ್ದು ಅಂತ ಕೆಳಗೆ. ಈ ಸಾಲೇ ಯಾಕೆ ಅಂತ ನಾಲ್ಕೈದು ಸಾಲು. ವಿಳಾಸ ತನ್ನದೇ ಮನೆಯದು. ನಾನು ಎಲ್ಲ ಕಾರ್ಡೂ ಇಟ್ಟುಕೊಂಡು ಮೇ ತಿಂಗಳ ನಡುವೆ ಪೋಸ್ಟ್ ಮಾಡುತ್ತೇನೆ. ಹತ್ತನೇ ತರಗತಿಗೆ ಬರುವ ಮುಂಚೆ ಅವರ ಬರಹ ಅವರ ಕೈ ಸೇರುತ್ತದೆ.

ಸ್ಟಾಫ್ ರೂಮಿನಲ್ಲಿ ನಕ್ಕರು. ‘ಒಂದು ಸಾಲು ಬರೆಸಿದರೆ ಎಸ್ಎ-2 ಪಾಸಾಗ್ತಾರಾ?’ ಅಂತ ಒಬ್ಬರು. ‘ಈಗಿನ ಕಾಲದಲ್ಲಿ ಕಾರ್ಡ್ ಯಾರು ಓದ್ತಾರೆ?’ ಅಂತ ಇನ್ನೊಬ್ಬರು. ಕಾರ್ಡಿನ ಮೊದಲ ವರ್ಷದ ಫಲಿತಾಂಶ ನೋಡಿದರೆ ಅವರು ನಕ್ಕದ್ದು ಸರಿಯೇ ಅನ್ನಿಸುತ್ತಿತ್ತು.

ಐವತ್ತೆರಡು ಮಕ್ಕಳಲ್ಲಿ ನಲವತ್ತು ಜನ ಪದ್ಯದ ಮೊದಲ ಸಾಲನ್ನೇ ಬರೆದರು. ಇಲ್ಲವಾದರೆ ಕಂಠಪಾಠ ಪದ್ಯದ ಸಾಲು. ‘ಯಾಕೆ ಇದು?’ ಅಂದರೆ ‘ಚೆನ್ನಾಗಿದೆ ಮಿಸ್.’ ಜೆಲ್ ಪೆನ್ನಿನಲ್ಲಿ ಬರೆದವರ ಅಕ್ಷರ ಕೈ ತಾಗಿ ಮಸಿಯಾಯಿತು. ವಿಳಾಸದ್ದಂತೂ ಬೇರೆಯೇ ಕಥೆ. ಅರ್ಧಕ್ಕಿಂತ ಜಾಸ್ತಿ ಮಕ್ಕಳಿಗೆ ಪಿನ್ ಕೋಡ್ ಗೊತ್ತಿಲ್ಲ. ‘ದೇವಸ್ಥಾನದ ಹಿಂದೆ’ ಅಂತ ಬರೆದವರು ಏಳೆಂಟು ಜನ. ಯಾವ ದೇವಸ್ಥಾನ, ಯಾವ ಊರು, ಏನೂ ಇಲ್ಲ. ಹನ್ನೊಂದು ಕಾರ್ಡು ತಲುಪಲೇ ಇಲ್ಲ.

ತಲುಪಿದ್ದರಲ್ಲೂ ಎರಡು ಎಡವಟ್ಟು. ಶಾಲೆಯಿಂದ ಕಾರ್ಡು ಬಂತು ಅಂದ ತಕ್ಷಣ ಒಬ್ಬ ಅಪ್ಪ ಮಗ ಫೇಲು ಅಂದುಕೊಂಡು, ಓದುವ ಮುಂಚೆಯೇ ಅವನಿಗೆ ಎರಡು ಬಿಟ್ಟಿದ್ದರು. ಇನ್ನೊಬ್ಬ ಹುಡುಗ ಅಂದಕ್ಕೆ ಅಂತ ಕಾರ್ಡಿನ ಮೂಲೆ ಕತ್ತರಿಸಿದ್ದ. ಮೂಲೆ ಹರಿದ ಕಾರ್ಡು ಅಂದರೆ ಹಳಬರಿಗೆ ಸಾವಿನ ಸುದ್ದಿ. ಅವರ ಅಜ್ಜಿ ಕಾರ್ಡು ಹಿಡಿದುಕೊಂಡು ಅಳುವುದಕ್ಕೇ ಶುರು ಮಾಡಿದರಂತೆ. ಜೂನ್‌ನಲ್ಲಿ ಅವರೇ ಶಾಲೆಗೆ ಬಂದು ನನಗೆ ಚೆನ್ನಾಗಿ ಬೈದು ಹೋದರು. ಬೈಸಿಕೊಂಡೆ. ತಪ್ಪು ನನ್ನದೇ, ಹೇಳಬೇಕಿತ್ತು.

ಬಿಡಬೇಕು ಅಂತಿದ್ದೆ. ಬಿಡದಿದ್ದದ್ದು ಒಬ್ಬ ಹುಡುಗನಿಂದ. ಓದಲು ತುಂಬಾ ಕಷ್ಟಪಡುವವನು, ಪಾಸಾಗುವಷ್ಟನ್ನು ಮಾತ್ರ ಕಲಿಸುವ ಪಾಸಿಂಗ್ ಪ್ಯಾಕೇಜಿಗೆ ನಾವು ಸೇರಿಸುತ್ತೇವಲ್ಲ, ಅಂಥವನು. ಅವನು ಮೊದಲ ಸಾಲು ಬರೆದಿರಲಿಲ್ಲ. ಗದ್ಯಪಾಠವೊಂದರ ನಡುವಿನಿಂದ ಮೂರೇ ಪದದ ವಾಕ್ಯ ಆರಿಸಿದ್ದ. ಯಾಕೆ ಅಂದೆ. ‘ಇದಾದಮೇಲೆ ಅವರಿಬ್ರೂ ಮಾತೇ ಆಡಲ್ಲ ಮಿಸ್’ ಅಂದ. ಆ ಪಾಠ ಎಷ್ಟೋ ವರ್ಷ ಮಾಡಿದ್ದೇನೆ. ನನಗೆ ಕಂಡಿರಲಿಲ್ಲ.

ಕಾರ್ಡಿನ ಎರಡನೇ ವರ್ಷಕ್ಕೆ ನಿಯಮ ಬಿಗಿ ಮಾಡಿದೆ. ಪಾಠದ ಮೊದಲ ಪುಟ, ಪದ್ಯದ ಮೊದಲ ಸಾಲು, ಕಂಠಪಾಠ, ಪುಸ್ತಕದ ಅಭ್ಯಾಸದಲ್ಲಿ ಸಂದರ್ಭಕ್ಕೆ (ಯಾರು ಯಾವಾಗ ಹೇಳಿದ್ದು ಅಂತ ವಿವರಿಸಲು) ಕೊಟ್ಟಿರುವ ವಾಕ್ಯ, ಇವು ನಾಲ್ಕೂ ಇಲ್ಲ. ಕೊನೆಯದೇ ಮುಖ್ಯ. ಗೈಡಿನಲ್ಲಿ ಉತ್ತರ ಇರುವುದು ಅಭ್ಯಾಸದ ವಾಕ್ಯಗಳಿಗೆ ಮಾತ್ರ. ಅದನ್ನು ತೆಗೆದರೆ ಗೈಡ್ ಕೆಲಸಕ್ಕೆ ಬರುವುದಿಲ್ಲ. ಪುಸ್ತಕ ಓದಲೇಬೇಕು. ಹೀಗೆ ರಿವಿಷನ್ ಅನ್ನುವ ಪದವನ್ನೇ ಎತ್ತದೆ ಇಡೀ ಪುಸ್ತಕ ಎರಡು ಸಲ ತಿರುವಿಸಿದೆ. ಇದರಲ್ಲಿ ನನಗೆ ಸ್ವಲ್ಪ ಹೆಮ್ಮೆ ಇದೆ, ಮುಚ್ಚಿಡುವುದಿಲ್ಲ.

ಒಬ್ಬರಿಗೆ ಒಂದೇ ಕಾರ್ಡು. ತಪ್ಪಾದರೆ ಬೇರೆ ಕೊಡುವುದಿಲ್ಲ. ಮೊದಲು ಅದೇ ಅಳತೆಯ ರಫ್ ಹಾಳೆಯಲ್ಲಿ ಬರೆದು ತೋರಿಸಬೇಕು. ಬರೆದದ್ದನ್ನು ಅಳಿಸದೆ ಬರೆಯುತ್ತೇನೆ ಅಂತ ಕುಮಾರವ್ಯಾಸ ಜಂಬ ಕೊಚ್ಚಿಕೊಂಡಿದ್ದಾನಲ್ಲ, ಅದನ್ನು ನೆನಪಿಸಿದೆ. ‘ಅವನಿಗೆ ರಫ್ ಹಾಳೆ ಇತ್ತಾ ಮಿಸ್?’ ಅಂತ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. ಪಾಠ ಮಾಡುವಾಗ ಬಾಯಿ ಬಿಡದ ಹುಡುಗ ಅವನು.

ಲೆಕ್ಕ ಹೇಳಿಬಿಡುತ್ತೇನೆ, ಎಲ್ಲರೂ ಕೇಳುವುದು ಅದನ್ನೇ. ಸಾಲು ಹುಡುಕಲು ಎರಡು ಪೀರಿಯಡ್. ರಫ್ ಬರೆಯಲು ಎರಡು. ಆಮೇಲೆ ಒಬ್ಬೊಬ್ಬರೇ ನನ್ನ ಟೇಬಲ್ಲಿಗೆ ಬಂದು ಸಾಲು ಓದಬೇಕು, ಮೂರು ನಿಮಿಷ ಮಾತು. ಐವತ್ತನಾಲ್ಕು ಮಕ್ಕಳಿಗೆ 162 ನಿಮಿಷ, ಅಂದರೆ ನಲವತ್ತು ನಿಮಿಷದ ನಾಲ್ಕು ಪೀರಿಯಡ್. ನಿಜದಲ್ಲಿ ಆರಾಯಿತು. ವಿಳಾಸಕ್ಕೆ ಒಂದು. ಒಟ್ಟು ಹನ್ನೊಂದು ಪೀರಿಯಡ್, ಎರಡು ವಾರಕ್ಕಿಂತ ಕಡಿಮೆ.

ಆ ಮೂರು ನಿಮಿಷದಲ್ಲಿ ಏನು ಕೇಳುತ್ತೇನೆ? ಎರಡು ಪ್ರಶ್ನೆ ಹೇಳುತ್ತೇನೆ. ‘ಇದರ ಹಿಂದಿನ ಸಾಲಿನಲ್ಲಿ ಏನಿದೆ?’ ಓದಿದ್ದಾರೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ‘ಈ ಮಾತು ಕೇಳಿದರೆ ಯಾರಿಗೆ ಸಿಟ್ಟು ಬರುತ್ತದೆ?’ ಇದಕ್ಕೆ ಗೈಡಿನಲ್ಲಿ ಉತ್ತರ ಇಲ್ಲ, ಆದರೆ ಸಂದರ್ಭದ ಉತ್ತರದಲ್ಲಿ ಸ್ವಾರಸ್ಯ, ಅಂದರೆ ಆ ಮಾತಿನ ವಿಶೇಷ, ಬರೆಯಲು ಬೇಕಾದ್ದೆಲ್ಲ ಇದರಲ್ಲೇ ಇದೆ. ಮೂರನೆಯದೂ ಒಂದಿದೆ. ಅದು ನನ್ನ ಹತ್ತಿರವೇ ಇರಲಿ. ಕಾರ್ಡಿನ ಮುಂಭಾಗದಲ್ಲಿ ವಿಳಾಸದ ಎಡಕ್ಕೆ ಉಳಿಯುವ ಜಾಗದಲ್ಲಿ ಏನು ಬರೆಸುತ್ತೇನೆ ಅನ್ನುವುದನ್ನೂ ಹೇಳುವುದಿಲ್ಲ. ಗಣಿತದ ಮೇಷ್ಟ್ರಿಗೂ ಹೇಳಿಲ್ಲ.

ಒಬ್ಬರು ನನ್ನ ಜೊತೆ ಮಾತಾಡುವಾಗ ಉಳಿದ ಐವತ್ತಮೂರು ಜನರನ್ನು ಏನು ಮಾಡುವುದು? ಎರಡು ದಿನ ಸಂತೆಯೇ ಆಯಿತು. ಪಕ್ಕದ ತರಗತಿಯಿಂದ ದೂರು ಬಂತು. ಆಗ ಪ್ರಸ್ತಾರ ಹಾಕಲು, ಅಂದರೆ ಪದ್ಯದ ಅಕ್ಷರಗಳಿಗೆ ಲಘು (ಒಂದು ಮಾತ್ರೆ), ಗುರು (ಎರಡು ಮಾತ್ರೆ) ಗುರುತು ಹಾಕಿ ಗಣ ಬಿಡಿಸಲು ಕೊಟ್ಟೆ. ಇದು ಕಾರ್ಡಿಗೆ ಸಂಬಂಧವಿಲ್ಲದ ಕೆಲಸ, ಆದರೂ ಹೇಳಬೇಕು. ಲಘು ಗುರು ಗುರುತು ಹಾಕುವ ಮುಂಚೆ ಬೆಂಚು ಬಡಿಯಲು ಹೇಳಿದೆ, ಬೆರಳ ತುದಿಯಲ್ಲಿ, ಮೆಲ್ಲಗೆ. ಆರು ಸಾಲಿನ ಭಾಮಿನಿ ಷಟ್ಪದಿಗೆ ‘ತಕಿಟ ತಕಧಿಮಿ ತಕಿಟ ತಕಧಿಮಿ’. ಮೂರು ನಾಲ್ಕು ಮೂರು ನಾಲ್ಕು, ಸಾಲಿಗೆ 14 ಮಾತ್ರೆ. ಮೂರನೇ ಮತ್ತು ಆರನೇ ಸಾಲಿಗೆ ಇನ್ನೊಂದು ತಕಿಟ ತಕಧಿಮಿ ಸೇರಿ 21, ಕೊನೆಗೊಂದು ಗುರು, 23. ವಾರ್ಧಕ ಷಟ್ಪದಿಗೆ ಐದರ ಬಡಿತ. ಪರೀಕ್ಷೆಯಲ್ಲಿ ಗಣ ತಪ್ಪಿಸುತ್ತಿದ್ದ ಹುಡುಗಿಯರು ಕಿವಿಯಲ್ಲಿ ಹಿಡಿದುಬಿಟ್ಟರು. ಒಬ್ಬ ತನ್ನ ಹೆಸರು, ಅಪ್ಪನ ಹೆಸರು, ಊರಿನ ಹೆಸರು ಸೇರಿಸಿ ಸರಿಯಾಗಿ 14 ಮಾತ್ರೆ ಮಾಡಿಕೊಂಡು ಬಂದ. ಗಣ ಕೂರಲಿಲ್ಲ, ನಾಲ್ಕು ಮೂರು ಉಲ್ಟಾ ಆಗಿತ್ತು. ಊರು ಮೊದಲು ಹಾಕಿ ನೋಡು ಅಂದೆ. ಕೂತಿತು! ಫೋನಿನಲ್ಲಿ ಗಮಕ ರೆಕಾರ್ಡ್ ಮಾಡಿಸಲೂ ನೋಡಿದೆ. ಫ್ಯಾನ್ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ. ಅದನ್ನು ಅಲ್ಲಿಗೇ ಬಿಟ್ಟೆ.

ವಿಳಾಸದ ಪೀರಿಯಡ್‌ನಲ್ಲಿ ಪಿನ್ ಕೋಡಿನ ಆರೂ ಅಂಕಿ ಮನೆಯಿಂದ ಬರೆದು ತರಬೇಕು. ನಮ್ಮ ರಾಜ್ಯದ್ದು 56ರಿಂದ 59ರೊಳಗೆ ಶುರುವಾಗುತ್ತದೆ. 65 ಅಂತ ತಂದವರನ್ನು ನಿಲ್ಲಿಸಿ ಕೇಳಿದರೆ ಅಂಕಿ ಹಿಂದೆಮುಂದೆ ಆಗಿರುತ್ತದೆ. ಪೆನ್ನು ಬಾಲ್‌ಪಾಯಿಂಟ್ ಮಾತ್ರ. ಕತ್ತರಿ ನಿಷೇಧ, ಅಜ್ಜಿಯ ಕಥೆ ಹೇಳಿಯೇ ನಿಷೇಧ. ಅಪ್ಪ ಅಮ್ಮಂದಿರಿಗೆ ಮುಂಚೆಯೇ ತಿಳಿಸಿರಿ ಅಂತ ಡೈರಿಯಲ್ಲಿ ಬರೆಸುತ್ತೇನೆ. ಕಾರ್ಡನ್ನು ಮಾರ್ಚ್ ಮೊದಲ ವಾರದಲ್ಲೇ ಕೊಂಡಿಟ್ಟುಕೊಳ್ಳಿ, ಕೌಂಟರಿನಲ್ಲಿ ಒಂದೇ ಸಲಕ್ಕೆ ಅರವತ್ತು ಸಿಗದಿರಬಹುದು. ನನಗೆ ಒಮ್ಮೆ ಮೂರು ಸಲ ಹೋಗಬೇಕಾಯಿತು. ಬಸ್ ಚಾರ್ಜು ಕಾರ್ಡಿಗಿಂತ ಜಾಸ್ತಿ ಆಯಿತು.

ಓದಲು ಬಾರದ ಐದಾರು ಮಕ್ಕಳಿಗೆ ನಾನೇ ಗಟ್ಟಿಯಾಗಿ ಓದುತ್ತೇನೆ. ನಿಲ್ಲಿ ಅಂದ ಕಡೆ ನಿಲ್ಲಿಸುತ್ತೇನೆ. ಅದೇ ಅವರ ಸಾಲು. ಬರೆಯಲು ಅವರಿಗೆ ಒಂದು ಪೀರಿಯಡ್ ಹಿಡಿಯುತ್ತದೆ, ಹಿಡಿಯಲಿ.

ಆ ಎರಡನೇ ವರ್ಷದ ಎಸ್ಎ-2 ಪೇಪರು ತಿದ್ದುವಾಗ ಸಂದರ್ಭದ ಪ್ರಶ್ನೆಗಳನ್ನು ಬೇರೆಯಾಗಿ ಎಣಿಸಿದೆ. ಮುಂಚೆ ಇಪ್ಪತ್ತರಷ್ಟು ಮಕ್ಕಳು ಅದನ್ನು ಖಾಲಿ ಬಿಡುತ್ತಿದ್ದರು. ಆ ಸಲ ಆರೋ ಏಳೋ. ಸ್ವಾರಸ್ಯದ ಕೆಳಗೆ ‘ಸ್ವಾರಸ್ಯಪೂರ್ಣವಾಗಿದೆ’ ಅಂತ ಬರೆದವರೂ ಕಡಿಮೆ. ಕಾರ್ಡಿನಿಂದಲೇ ಆಯಿತು ಅಂತ ಆಣೆ ಹಾಕಲಾರೆ, ಆ ವರ್ಷದ ಮಕ್ಕಳೂ ಚುರುಕು. ಆದರೆ ಖರ್ಚು ಪೆನ್ನು ಸೇರಿ ನೂರೈವತ್ತು ದಾಟಲಿಲ್ಲ.

ಜೂನ್‌ನಲ್ಲಿ ಹತ್ತನೆಯ ಮೊದಲ ಪೀರಿಯಡ್‌ಗೆ ಹೋದೆ. ನಾನೇನೂ ಹೇಳಿರಲಿಲ್ಲ, ಮೂವತ್ತಕ್ಕೂ ಜಾಸ್ತಿ ಮಕ್ಕಳು ಕಾರ್ಡು ತಂದಿದ್ದರು. ಒಬ್ಬಳು ಮಾತ್ರ ಮುಖ ಊದಿಸಿಕೊಂಡಿದ್ದಳು. ‘ಮಿಸ್, ನಾನು ಬೇರೆ ಸಾಲು ಬರೀಬೇಕಿತ್ತು. ಇದು ಈಗ ಇಷ್ಟ ಇಲ್ಲ’ ಅಂದಳು. ಒಬ್ಬರಿಗೆ ಒಂದೇ ಕಾರ್ಡು ಅನ್ನುವ ನಿಯಮ ಮುರಿದೆ. ಉಳಿದಿದ್ದ ಆರರಲ್ಲಿ ಒಂದನ್ನು ಅವಳಿಗೆ ಕೊಟ್ಟೆ.