ಬೇಲಿಸಾಲಿನ ನಡುವೆ ಮೆಕ್ಕೆಜೋಳ: ಸೊಪ್ಪೆಷ್ಟು, ಯೂರಿಯಾ ಎಷ್ಟು?

ಹೊಲದೊಳಗೆ ಗ್ಲಿರಿಸಿಡಿಯಾ, ಸುಬಾಬುಲ್‌ನಂಥ ಸೊಪ್ಪಿನ ಮರಗಳನ್ನು ಬೇಲಿಯಂತೆ ಸಾಲಾಗಿ ಬೆಳೆಸಿ, ಅವನ್ನು ಸವರಿ ಬಂದ ಸೊಪ್ಪನ್ನು ನಡುವಿನ ಮೆಕ್ಕೆಜೋಳಕ್ಕೆ ಗೊಬ್ಬರವಾಗಿ ಹಾಕುವುದುಂಟು. ಸೊಪ್ಪು ಹಾಕಿದ್ದಾಯಿತು ಎಂದು ಯೂರಿಯಾ ಪೂರ್ತಿ ನಿಲ್ಲಿಸಿದರೆ ಮೆಕ್ಕೆಜೋಳದ ಕೆಳಗಿನ ಎಲೆಗಳು ತುದಿಯಿಂದ ಹಿಡಿದು ನಡುನರದುದ್ದಕ್ಕೂ ಹಳದಿಯಾಗುತ್ತವೆ. ಸೊಪ್ಪನ್ನು ಲೆಕ್ಕಕ್ಕೇ ಹಿಡಿಯದೆ ಯೂರಿಯಾ ಸುರಿದರೆ ದುಡ್ಡು ದಂಡ. ಎರಡನ್ನೂ ತೂಗಿ, ಹೊತ್ತು ನೋಡಿ ಕೊಡಬೇಕು.

1. ಸಾಲು ಹಾಕುವುದು. ಗ್ಲಿರಿಸಿಡಿಯಾ ಅಥವಾ ಸುಬಾಬುಲ್ ಸಾಲುಗಳ ನಡುವೆ 4 ಮೀಟರ್ ಬಿಡಿ. ಇಳಿಜಾರಿದ್ದರೆ ಅಡ್ಡಕ್ಕೆ, ಸಮತಟ್ಟಾಗಿದ್ದರೆ ಪೂರ್ವ-ಪಶ್ಚಿಮವಾಗಿ. ಗ್ಲಿರಿಸಿಡಿಯಾವನ್ನು ಬೀಜದಿಂದಲೇ ಬೆಳೆಸಿ. ಕಡ್ಡಿ ನೆಟ್ಟರೆ ಬೇಗ ಚಿಗುರುತ್ತದೆ ನಿಜ, ಆದರೆ ಬೇರು ಮೇಲೇ ಹರಡಿ ಜೋಳದ ಪಾಲಿಗೆ ಕೈಹಾಕುತ್ತದೆ. ಮೊದಲ ವರ್ಷ ಸವರಬೇಡಿ.

2. ಮೊದಲ ಸವರಿಕೆ. ಬಿತ್ತನೆಗೆ ಒಂದು ವಾರ ಮುಂಚೆ, ನೆಲದಿಂದ 50 ಸೆಂ.ಮೀ. ಎತ್ತರಕ್ಕೆ, ಹರಿತವಾದ ಮಚ್ಚಿನಿಂದ. ಮೊಂಡು ಮಚ್ಚು ಕಾಂಡವನ್ನು ಸೀಳುತ್ತದೆ. ಪೆನ್ಸಿಲ್‌ಗಿಂತ ದಪ್ಪದ ರೆಂಬೆಗಳನ್ನು ಹೊರಗೆಳೆದು ಸೌದೆಗೆ ಹಾಕಿ. ಅವನ್ನು ಮಣ್ಣಿಗೆ ಸೇರಿಸಿದರೆ ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಹೀರಿಕೊಂಡು ಪೈರು ಸೊರಗುತ್ತದೆ. ಎಲೆ, ಎಳೆ ಕಡ್ಡಿಗಳನ್ನು ಅಂದೇ ಮೇಲ್ಮಣ್ಣಿಗೆ ಬೆರೆಸಿ. ಬಿಸಿಲಿಗೆ ಬಿಟ್ಟರೆ ಸಾರಜನಕದ ಒಂದಷ್ಟು ಪಾಲು ಗಾಳಿಗೆ ಹೋಗುತ್ತದೆ.

3. ಲೆಕ್ಕ. ಎಲ್ಲರೂ ಎಡವುವುದು ಇಲ್ಲೇ. 10 ಮೀಟರ್ ಬೇಲಿಯ ಸೊಪ್ಪನ್ನು ತೂಗಿ. 15 ಕಿಲೋ ಬಂತು ಎನ್ನೋಣ. 4 ಮೀಟರ್ ಅಂತರದಲ್ಲಿ ಎಕರೆಗೆ ಸುಮಾರು 1,000 ಮೀಟರ್ ಬೇಲಿ, ಅಂದರೆ 1,500 ಕಿಲೋ ಹಸಿ ಸೊಪ್ಪು. ಒಣಗಿದರೆ ಅದು ಕಾಲುಭಾಗ, 375 ಕಿಲೋ. ಅದರಲ್ಲಿ ಸಾರಜನಕ ಶೇ. 3 ಎಂದು ಹಿಡಿದರೆ 11 ಕಿಲೋ. ಇಷ್ಟೂ ಈ ಬೆಳೆಗೆ ಸಿಗುವುದಿಲ್ಲ. ಒಂದಿಷ್ಟು ಮಣ್ಣಿನಲ್ಲೇ ಉಳಿಯುತ್ತದೆ. ಹಾಗಾಗಿ ಯೂರಿಯಾಕ್ಕೆ ಹೋಲಿಸಿ ಅರ್ಧ ಬೆಲೆ ಕಟ್ಟಿ: 11 ಕಿಲೋ ಸಾರಜನಕವೆಂದರೆ ಸುಮಾರು 24 ಕಿಲೋ ಯೂರಿಯಾ, ಅದರ ಅರ್ಧ ಒಂದು ಸವರಿಕೆಗೆ 12 ಕಿಲೋ, ಎರಡಕ್ಕೆ 24–25 ಕಿಲೋ ಯೂರಿಯಾ ಉಳಿತಾಯ. ಎಕರೆಗೆ 40 ಕಿಲೋ ಸಾರಜನಕ ಬೇಕಿದ್ದರೆ 87 ಕಿಲೋ ಯೂರಿಯಾ ಆಗುತ್ತದೆ. ಅದರಲ್ಲಿ 25 ಕಳೆದು 62 ಕಿಲೋ ಹಾಕಲೇಬೇಕು. ರಂಜಕ, ಪೊಟ್ಯಾಷ್‌ಗೆ ಮಣ್ಣು ಪರೀಕ್ಷೆಯ ಮಾತೇ ಕೊನೆ. ಸೊಪ್ಪು ರಂಜಕದ ಕೊರತೆ ತುಂಬುವುದಿಲ್ಲ.

4. ಬಿತ್ತನೆ. ನಡುವೆ ನಾಲ್ಕು ಸಾಲು, ಸಾಲಿಂದ ಸಾಲಿಗೆ 75 ಸೆಂ.ಮೀ., ಗಿಡದಿಂದ ಗಿಡಕ್ಕೆ 25. ಐದನೇ ಸಾಲಿನ ಆಸೆ ಬೇಡ.

5. ಯೂರಿಯಾ ಹಾಕುವ ಹೊತ್ತು. ಬಿತ್ತುವಾಗ 15 ಕಿಲೋ, ಮೊಣಕಾಲುದ್ದಕ್ಕೆ ಬಂದಾಗ (25–30 ದಿನ) 30 ಕಿಲೋ, ಸೂಲಂಗಿ (ತುದಿಯ ಗಂಡು ಹೂವು) ಬರುವ ಮುನ್ನ 17 ಕಿಲೋ. ಎಳೆ ಸೊಪ್ಪು ಕೆಲವೇ ವಾರಗಳಲ್ಲಿ ಕೊಳೆತು ಸಾರಜನಕ ಬಿಡುತ್ತದೆ, ಆಗ ಪೈರು ಇನ್ನೂ ಚಿಕ್ಕದು. ಅದಕ್ಕೆ ನಿಜವಾದ ಹಸಿವು ಮೊಣಕಾಲುದ್ದದಿಂದ ಶುರು. ದೊಡ್ಡ ಪಾಲು ಆಗಲೇ ಕೊಡಬೇಕು ಎನ್ನುವುದು ಅದಕ್ಕೇ.

ಬೇಲಿ ನೆರಳು ಕೊಡತೊಡಗಿದಾಗ, 35–40ನೇ ದಿನ, ಎರಡನೇ ಸವರಿಕೆ. ಈ ಸೊಪ್ಪು ಪೈರಿನ ಸಾಲುಗಳ ನಡುವೆ ಹೊದಿಕೆಯಾಗುತ್ತದೆ. ಎರಡನೇ ಕಂತಿನ ಯೂರಿಯಾ ಇದಕ್ಕಿಂತ ಮೊದಲೇ ಮಣ್ಣಿಗೆ ಸೇರಿರಲಿ. ಸೊಪ್ಪಿನ ಹೊದಿಕೆಯ ಮೇಲೆ ಯೂರಿಯಾ ಎರಚಿದರೆ ಅದು ಅಮೋನಿಯವಾಗಿ ಹಾರಿಹೋಗುತ್ತದೆ. ಮೂರನೇ ಕಂತಿಗೆ ಹೊದಿಕೆ ಸರಿಸಿ, ಬುಡದಿಂದ 8–10 ಸೆಂ.ಮೀ. ದೂರ, 5 ಸೆಂ.ಮೀ. ಆಳದ ಗೀರಿನಲ್ಲಿ ಹಾಕಿ ಮಣ್ಣು ಮುಚ್ಚಿ. ನೆಲದಲ್ಲಿ ಹಸಿ ಇರಲಿ. ಈ ಕೆಲಸಕ್ಕೆ ಬೇಸರಪಟ್ಟು ಬಾಟಲಿಯ ಟಾನಿಕ್ ಸಿಂಪಡಿಸುವವರಿದ್ದಾರೆ. ಅದರಲ್ಲಿರುವ ಸಾರಜನಕ ಎಕರೆಗೆ ಯಾವ ಮೂಲೆಗೂ ಸಾಲದು.

6. ಸುಬಾಬುಲ್ ಇದ್ದರೆ ಕಾಯಿ ಬಲಿಯುವ ಮುನ್ನ ಸವರಿ, ಇಲ್ಲದಿದ್ದರೆ ಅದೇ ಕಳೆಯಾಗುತ್ತದೆ.

ಬೇಲಿ ಪಕ್ಕದ ಸಾಲು ಮಾತ್ರ ಕುಗ್ಗಿದ್ದರೆ ಅದಕ್ಕೆ ಯೂರಿಯಾ ಹೆಚ್ಚಿಸಬೇಡಿ. ಬೇಲಿಯ ಬೇರು ನೀರನ್ನೂ ಕಸಿಯುತ್ತಿರುತ್ತದೆ. ಮುಂದಿನ ಹಂಗಾಮಿಗೆ ಬಿತ್ತುವ ಮುನ್ನ ಬೇಲಿಯಿಂದ ಅರ್ಧ ಮೀಟರ್ ದೂರದಲ್ಲಿ ಆಳವಾಗಿ ಒಂದು ಸಾಲು ನೇಗಿಲು ಹೊಡೆದು ಮೇಲುಬೇರು ಕತ್ತರಿಸಿ.