ನಾಟಾ ಡ್ರಾಯಿಂಗ್ ನನ್ನ ಕೈ ಹಿಡಿದದ್ದು ಹೀಗೆ

ಆರ್ಕಿಟೆಕ್ಚರ್‌ಗೆ ಸಿಇಟಿ ಬರೆದರೆ ಸಾಕು ಅಂದುಕೊಂಡಿದ್ದೆ. ಸಾಲದು, ನಾಟಾ (ಆರ್ಕಿಟೆಕ್ಚರ್ ಸೇರಲು ಬರೆಯುವ ರಾಷ್ಟ್ರಮಟ್ಟದ ಪರೀಕ್ಷೆ) ಬೇಕೇ ಬೇಕು. ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ರ‍್ಯಾಂಕ್ ಕೊಡುವಾಗ ಅರ್ಧ ನಾಟಾ ಅಂಕ, ಇನ್ನರ್ಧ ಪಿಯುಸಿ ಅಂಕ ನೋಡುತ್ತಾರೆ. ಮೊದಲ ಸಲ ಬರೆದಾಗ 200ಕ್ಕೆ ನನ್ನ ಅಂಕ ತೀರಾ ಕಡಿಮೆ, ಯಾಕೆಂದರೆ 80 ಅಂಕದ ಡ್ರಾಯಿಂಗ್ ಭಾಗದಲ್ಲಿ ಬಣ್ಣ ತುಂಬುತ್ತಾ ಕೂತು 90 ನಿಮಿಷ ಹೇಗೆ ಮುಗಿಯಿತೋ ಗೊತ್ತೇ ಆಗಲಿಲ್ಲ, 3ಡಿ ಮಾಡೆಲ್ ಅರ್ಧಕ್ಕೇ ನಿಂತಿತ್ತು. ಆ ಮಾಡೆಲ್ ಒಂದಕ್ಕೇ 30 ಅಂಕ, ಅಯ್ಯೋ!

ಆಮೇಲೆ ದಿನಾ ಮೊಬೈಲ್‌ನಲ್ಲಿ ಅರ್ಧ ಗಂಟೆ ಅಲಾರಂ ಇಟ್ಟೆ. ಮದುವೆ ಕಾರ್ಡು, ಬೆಂಕಿಪೊಟ್ಟಣ ಕತ್ತರಿಸಿ ಮಾಡೆಲ್ ಜೋಡಿಸುವುದು, ಅಲಾರಂ ಹೊಡೆದರೆ ಕೈ ತೆಗೆಯುವುದು, ಅಷ್ಟೇ. ಅಮ್ಮ ಕಸ ಗುಡಿಸಿ ಸುಸ್ತಾದರು. ನಾಟಾ ಅದೇ ವರ್ಷ ಮತ್ತೆ ಬರೆಯಬಹುದು, ಒಳ್ಳೆಯ ಅಂಕವನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಎರಡನೇ ಸಲ ಡ್ರಾಯಿಂಗ್ ಭಾಗದ ಮೂರೂ ಪ್ರಶ್ನೆ ಮುಗಿಸಿದೆ, ಸೀಟೂ ಸಿಕ್ಕಿತು.