ಕಟ್ಟದೇ ಉಳಿದ ಬಿಲ್ಲು, ತಾರೀಖಿನ ಲೆಕ್ಕ: ಮೆಡಿಕೇರ್ ಬ್ಯಾಡ್ ಡೆಟ್ ಕೆಲಸದಲ್ಲಿ ನನ್ನ ಅನುಭವ

ಬೆಂಗಳೂರಿನಲ್ಲಿ ಕೂತು ಅಮೆರಿಕದ ಆಸ್ಪತ್ರೆಗಳ ಬಿಲ್ ನೋಡುವವರು ಸಾವಿರಾರು ಜನ ಇದ್ದಾರೆ. ನಾನೂ ಅವರಲ್ಲೊಬ್ಬ. ನನ್ನ ಪಾಲಿಗೆ ಬಂದಿರುವುದು ರೋಗಿಗಳು ಕಟ್ಟದೇ ಬಿಟ್ಟ ಬಾಕಿ. ಅದನ್ನು ಆಸ್ಪತ್ರೆ ಯಾವಾಗ ಕೈಬಿಡಬಹುದು, ಕೈಬಿಟ್ಟಿದ್ದರಲ್ಲಿ ಎಷ್ಟನ್ನು ಸರ್ಕಾರದ ಹತ್ತಿರ ಕೇಳಬಹುದು ಅನ್ನುವುದೇ ನನ್ನ ದಿನದ ಕೆಲಸ. ಮನೆಯಲ್ಲಿ ಇದನ್ನು ವಿವರಿಸಲು ಹೋಗಿ ಸೋತಿದ್ದೇನೆ. ಇಲ್ಲಿ ಒಮ್ಮೆ ನಿಧಾನವಾಗಿ ಹೇಳುತ್ತೇನೆ.

ಮೆಡಿಕೇರ್ ಅಂದರೆ ಮುಖ್ಯವಾಗಿ 65 ದಾಟಿದವರಿಗೆ ಅಲ್ಲಿನ ಕೇಂದ್ರ ಸರ್ಕಾರ ಕೊಡುವ ವಿಮೆ. ಅದು ಪೂರ್ತಿ ಬಿಲ್ ಕಟ್ಟುವುದಿಲ್ಲ. 2024ರಲ್ಲಿ ಅಡ್ಮಿಟ್ ಆದವರಿಗೆ ಮೊದಲ 1,632 ಡಾಲರ್ ಅವರದ್ದೇ ಖರ್ಚು. ಇದು ಡಿಡಕ್ಟಿಬಲ್. ಅಡ್ಮಿಟ್ ಆಗದೆ ಹೊರರೋಗಿಯಾಗಿ ಬಂದು ಹೋದರೆ ಸಾಮಾನ್ಯವಾಗಿ 20% ಅವರ ಪಾಲು. ಇದು ಕೋ-ಇನ್ಶೂರೆನ್ಸ್. ನಮ್ಮ ಕಡೆ ಅಡ್ವಾನ್ಸ್ ಕಟ್ಟದೆ ಹಾಸಿಗೆ ಸಿಗುವುದೇ ಕಷ್ಟ, ಅಲ್ವಾ? ಅಲ್ಲಿ ಎಷ್ಟೋ ಸಲ ಮನೆಗೆ ಹೋಗಿ ವಾರಗಳಾದ ಮೇಲೆ ಬಿಲ್ ಅಂಚೆಯಲ್ಲಿ ಬರುತ್ತದೆ. ಆಮೇಲೆ ಕಟ್ಟುವವರು ಕಟ್ಟುತ್ತಾರೆ, ಇಲ್ಲದವರು ಇಲ್ಲ.

ಈ ಬಾಕಿಯ ಹೊರೆ ಬೇರೆ ರೋಗಿಗಳ ತಲೆ ಮೇಲೆ ಬೀಳಬಾರದು ಅನ್ನುವುದು ಮೆಡಿಕೇರ್ ನಿಯಮದ ಹಿಂದಿನ ಯೋಚನೆ. ಅದಕ್ಕೇ ವಸೂಲಾಗದ ಹಣದಲ್ಲಿ ಒಂದು ಭಾಗವನ್ನು ಅದೇ ಕೊಡುತ್ತದೆ. ಈಗಿನ ಲೆಕ್ಕದಲ್ಲಿ ಡಾಲರಿಗೆ 65 ಸೆಂಟ್. ಅದರಲ್ಲೂ ಸೀಕ್ವೆಸ್ಟ್ರೇಷನ್, ಅಂದರೆ ಸರ್ಕಾರಿ ಖರ್ಚು ಕಡಿತದ ಹೆಸರಲ್ಲಿ 2% ಕೊಯ್ಯುತ್ತಾರೆ. ಡಾಕ್ಟರ ಪ್ರತ್ಯೇಕ ಫೀಸು ಇದಕ್ಕೆ ಸೇರುವುದಿಲ್ಲ. ಖಾಸಗಿ ಕಂಪನಿಗಳು ನಡೆಸುವ ಮೆಡಿಕೇರ್ ಅಡ್ವಾಂಟೇಜ್ ರೋಗಿಗಳ ಬಾಕಿಯೂ ಸೇರುವುದಿಲ್ಲ. ಪಟ್ಟಿ ಕೈಗೆ ಬಂದ ಕೂಡಲೇ ನಾನು ಮೊದಲು ಇವೆರಡನ್ನು ತೆಗೆದುಹಾಕುತ್ತೇನೆ.

ಉಳಿದದ್ದೆಲ್ಲ ತಾರೀಖಿನ ಕೆಲಸ. ಮೆಡಿಕೇರ್ ತನ್ನ ಪಾಲು ಕೊಟ್ಟು ರೆಮಿಟೆನ್ಸ್ (ಎಷ್ಟು ಕೊಟ್ಟಿದೆ ಅನ್ನುವ ವಿವರದ ಕಾಗದ) ಕಳಿಸಿದ ದಿನದಿಂದ 120 ದಿನದೊಳಗೆ ರೋಗಿಗೆ ಮೊದಲ ಬಿಲ್ ಹೋಗಿರಬೇಕು. ಎರಡನೇ ವಿಮೆ ಇದ್ದರೆ ಅದರ ಉತ್ತರ ಬಂದ ದಿನದಿಂದ ಎಣಿಸಬಹುದು. ಮೊದಲ ಬಿಲ್ ಹೋದ ಮೇಲೆ ಕನಿಷ್ಠ 120 ದಿನ ವಸೂಲಿಗೆ ನಿಜವಾದ ಪ್ರಯತ್ನ ನಡೆದಿರಬೇಕು. ಸುಮ್ನೆ ಒಂದು ಕಾಗದ ಕಳಿಸಿ ಕೂತರೆ ನಡೆಯುವುದಿಲ್ಲ. ಮತ್ತೆ ಬಿಲ್, ನೆನಪಿನ ಪತ್ರ, ಫೋನ್, ಎಲ್ಲವೂ ಖಾತೆಯಲ್ಲಿ ತಾರೀಖಿನ ಸಮೇತ ಇರಬೇಕು. ನಡುವೆ ರೋಗಿ ಒಂದಿಷ್ಟು ಕಟ್ಟಿದರೆ 120ರ ಎಣಿಕೆ ಮತ್ತೆ ಮೊದಲಿಂದ. ಹಾವು ಏಣಿ ಆಟದಲ್ಲಿ ಹಾವಿನ ಬಾಯಿಗೆ ಬಿದ್ದ ಹಾಗೆ.

ಹೊಸದಾಗಿ ಸೇರಿದವರಿಗೆ ನಾನು ಬೋರ್ಡ್ ಮೇಲೆ ಬರೆದು ತೋರಿಸುವ ಲೆಕ್ಕ ಹೀಗಿದೆ. ಬಾಕಿ 1,632 ಡಾಲರ್. ಮೊದಲ ಬಿಲ್ ಹೋಗಿದ್ದು ಮಾರ್ಚ್ 4ಕ್ಕೆ. ಹಾಗಾದರೆ 120 ದಿನ ತುಂಬುವುದು ಜುಲೈ 2ಕ್ಕೆ. ಆದರೆ ಜೂನ್ 20ಕ್ಕೆ ರೋಗಿ 25 ಡಾಲರ್ ಚೆಕ್ ಕಳಿಸಿದ್ದಾರೆ. ಈಗ 120 ದಿನ ತುಂಬುವುದು ಅಕ್ಟೋಬರ್ 18ಕ್ಕೆ. ಆಸ್ಪತ್ರೆಯ ಲೆಕ್ಕದ ವರ್ಷ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ ಅಂತಿಟ್ಟುಕೊಳ್ಳಿ. ಉಳಿದ 1,607 ಡಾಲರ್ ಈ ವರ್ಷದ ಪಟ್ಟಿಯಿಂದ ಹೊರಗೆ. "ಸಾರ್, ಇಪ್ಪತ್ತೈದು ಡಾಲರ್ ಬಂದಿದ್ದಕ್ಕೆ ಸಾವಿರ ಡಾಲರ್ ಮುಂದಿನ ವರ್ಷಕ್ಕಾ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಹೌದು, ಮುಂದಿನ ವರ್ಷಕ್ಕೆ.

ಇನ್ನೊಂದು ಕಡೆ ಬಿಗಿಯಾಗಿ ನೋಡಬೇಕು: ಕಲೆಕ್ಷನ್ ಏಜೆನ್ಸಿ, ಅಂದರೆ ಆಸ್ಪತ್ರೆ ಪರವಾಗಿ ಬಾಕಿ ವಸೂಲಿ ಮಾಡುವ ಹೊರಗಿನ ಕಂಪನಿ. ಖಾತೆ ಏಜೆನ್ಸಿ ಹತ್ತಿರ ಇದ್ದರೆ ವಸೂಲಿ ಇನ್ನೂ ನಡೆಯುತ್ತಿದೆ ಅಂತಲೇ ಅರ್ಥ. ಅವರು ಖಾತೆ ಮುಚ್ಚಿ ವಾಪಸ್ ಕಳಿಸಿದ ತಾರೀಖು ಇಲ್ಲದೆ ನಾನು ಅದನ್ನು ಪಟ್ಟಿಗೆ ಸೇರಿಸುವುದಿಲ್ಲ. ಬೇರೆ ರೋಗಿಗಳ ಇಷ್ಟೇ ಮೊತ್ತದ ಬಾಕಿಯನ್ನು ಏಜೆನ್ಸಿಗೆ ಕೊಟ್ಟು, ಮೆಡಿಕೇರ್ ರೋಗಿಗಳದ್ದನ್ನು ಮಾತ್ರ ಬೇಗ ಕೈಬಿಟ್ಟರೂ ತಪ್ಪು. ಇಬ್ಬರಿಗೂ ಒಂದೇ ರೀತಿ ನಡೆದುಕೊಂಡಿರಬೇಕು. ಸರ್ಕಾರ ಹೇಗೂ ಕೊಡುತ್ತದಲ್ಲ ಅಂತ ಆಸ್ಪತ್ರೆ ಕೈಕಟ್ಟಿ ಕೂರಬಾರದು. ಈ ನಿಯಮ ನನಗೆ ಸರಿಯಾಗಿಯೇ ಕಾಣುತ್ತದೆ.

ಮೆಡಿಕೇರ್ ಜೊತೆ ಮೆಡಿಕೇಯ್ಡ್ ಕೂಡ ಇರುವ ಬಡ ರೋಗಿಗಳದ್ದು ಬೇರೆಯದೇ ದಾರಿ. ಮೆಡಿಕೇಯ್ಡ್ ಬಡವರಿಗಾಗಿ ರಾಜ್ಯಗಳು ನಡೆಸುವ ಯೋಜನೆ. ಇವರಲ್ಲಿ ಕ್ಯೂಎಂಬಿ (ಕ್ವಾಲಿಫೈಡ್ ಮೆಡಿಕೇರ್ ಬೆನಿಫಿಷಿಯರಿ) ಅನ್ನುವ ಕಡಿಮೆ ಆದಾಯದವರ ಗುಂಪಿಗೆ ಸೇರಿದವರ ಹತ್ತಿರ ಆಸ್ಪತ್ರೆ ಡಿಡಕ್ಟಿಬಲ್ ಆಗಲಿ ಕೋ-ಇನ್ಶೂರೆನ್ಸ್ ಆಗಲಿ ಕೇಳುವಂತೆಯೇ ಇಲ್ಲ. ಹಾಗಾಗಿ 120 ದಿನದ ಗೋಜಿಲ್ಲ. ಬದಲಿಗೆ ರಾಜ್ಯಕ್ಕೆ ಬಿಲ್ ಕಳಿಸಬೇಕು. ಎಷ್ಟೋ ರಾಜ್ಯಗಳಲ್ಲಿ ಮೆಡಿಕೇಯ್ಡ್ ದರ ಕಡಿಮೆ. ಮೆಡಿಕೇರ್ ಆಗಲೇ ಅದಕ್ಕಿಂತ ಜಾಸ್ತಿ ಕೊಟ್ಟಿರುತ್ತದೆ, ಆದ್ದರಿಂದ ರಾಜ್ಯದ ಉತ್ತರ ಸೊನ್ನೆ. ಸೊನ್ನೆ ಅಂತ ಗೊತ್ತಿದ್ದೂ ಬಿಲ್ ಕಳಿಸಬೇಕು, ಸೊನ್ನೆ ಅಂತ ಬರೆದಿರುವ ರೆಮಿಟೆನ್ಸ್ ತರಿಸಿಕೊಳ್ಳಬೇಕು. ಆ ಸೊನ್ನೆಯ ಕಾಗದ ಇಲ್ಲದಿದ್ದರೆ ಕ್ಲೈಮ್ ಬಿದ್ದುಹೋಗುತ್ತದೆ. ನನ್ನ ಸಮಯ ಜಾಸ್ತಿ ಹೋಗುವುದು ಈ ಕಾಗದ ಹುಡುಕುವುದರಲ್ಲೇ. ಪಕ್ಕದ ರಾಜ್ಯದಿಂದ ಬಂದ ರೋಗಿಯಾದರೆ ಇನ್ನೂ ಗೋಳು. ಆಸ್ಪತ್ರೆ ಆ ರಾಜ್ಯದ ಮೆಡಿಕೇಯ್ಡ್‌ನಲ್ಲಿ ನೋಂದಣಿ ಮಾಡಿಸಿಕೊಂಡಿರದಿದ್ದರೆ ಅಲ್ಲಿಂದ ಉತ್ತರ ಬರುವುದೇ ಕಷ್ಟ.

ಮೆಡಿಕೇಯ್ಡ್ ಇಲ್ಲದ, ಆದರೆ ನಿಜಕ್ಕೂ ಕೈಲಾಗದ ರೋಗಿಗಳೂ ಇರುತ್ತಾರೆ. "ನನ್ನ ಹತ್ತಿರ ದುಡ್ಡಿಲ್ಲ" ಅಂತ ಸಹಿ ಹಾಕಿಕೊಟ್ಟರೆ ಸಾಲದು. ಆದಾಯ, ಆಸ್ತಿ, ಖರ್ಚು ನೋಡಿ ಆಸ್ಪತ್ರೆಯೇ ತೀರ್ಮಾನಿಸಬೇಕು, ತೀರ್ಮಾನದ ದಾಖಲೆ ಫೈಲಿನಲ್ಲಿರಬೇಕು. ತೀರಿಹೋದವರಾದರೆ ಅವರು ಆಸ್ತಿ ಬಿಟ್ಟುಹೋಗಿದ್ದಾರಾ ಅಂತ ಕೋರ್ಟಿನ ದಾಖಲೆಯಲ್ಲಿ ನೋಡಿ, ಇಲ್ಲ ಅಂತ ಖಾತ್ರಿಯಾದ ಮೇಲೆ ಖಾತೆ ಮುಚ್ಚುತ್ತೇವೆ.

ಎಲ್ಲ ಸೋಸಿದ ಮೇಲೆ ಉಳಿದದ್ದು ಒಂದು ದೊಡ್ಡ ಎಕ್ಸೆಲ್ ಶೀಟು. ಇದು 2552-10 ಅನ್ನುವ ಕಾಸ್ಟ್ ರಿಪೋರ್ಟ್, ಅಂದರೆ ಆಸ್ಪತ್ರೆ ಮೆಡಿಕೇರ್‌ಗೆ ಕೊಡುವ ವಾರ್ಷಿಕ ಖರ್ಚಿನ ವರದಿಯ ಜೊತೆ ಹೋಗುತ್ತದೆ. ವರ್ಷ ಮುಗಿದು ಐದು ತಿಂಗಳೊಳಗೆ ಕೊಡಬೇಕು. ಅಕ್ಟೋಬರ್ 2022ರಿಂದ ಈಚೆಗೆ ಶುರುವಾದ ಲೆಕ್ಕದ ವರ್ಷಗಳಿಗೆ ಎಕ್ಸಿಬಿಟ್ 2ಎ ಅನ್ನುವ ನಮೂನೆ ಇದೆ. ಮೊದಲ ಬಿಲ್ ತಾರೀಖು, ಏಜೆನ್ಸಿಯಿಂದ ವಾಪಸ್ ಬಂದ ತಾರೀಖು, ಕೈಬಿಟ್ಟ ತಾರೀಖು, ಎಲ್ಲಕ್ಕೂ ಕಾಲಂ ಇದೆ. ಆಡಿಟರ್ ಇದರಲ್ಲಿ ಒಂದಷ್ಟು ಖಾತೆ ಆರಿಸಿ ದಾಖಲೆ ಕೇಳುತ್ತಾರೆ. ಆ ಸ್ಯಾಂಪಲ್‌ನಲ್ಲಿ ಸಿಕ್ಕ ತಪ್ಪಿನ ಪ್ರಮಾಣವನ್ನು ಪೂರ್ತಿ ಪಟ್ಟಿಗೆ ಅನ್ವಯಿಸಿದರೆ ಹೊಡೆತ ದೊಡ್ಡದು. ಅದಕ್ಕೆ ಅನುಮಾನದ ಖಾತೆಗಳನ್ನು ನಾನೇ ಮೊದಲು ಬಿಟ್ಟುಬಿಡುತ್ತೇನೆ.

ಕೊನೆಯಲ್ಲಿ ನೋಡುವುದು ರಿಕವರಿ. ಹಿಂದಿನ ವರ್ಷ ಕ್ಲೈಮ್ ಮಾಡಿದ್ದ ಖಾತೆಗೆ ಈ ವರ್ಷ ರೋಗಿಯೋ ಅವರ ಮಕ್ಕಳೋ ಹಣ ಕಟ್ಟಿರಬಹುದು. ಅದನ್ನು ಈ ವರ್ಷದ ಮೊತ್ತದಿಂದ ಕಳೆಯಲೇಬೇಕು. ರಿಕವರಿ ಸೊನ್ನೆ ಅಂತ ಬರೆದ ಪಟ್ಟಿ ಕಂಡರೆ ನಾನು ಮೊದಲು ಬಂದ ಹಣವನ್ನು ಖಾತೆಗೆ ಬರೆಯುವ ಕ್ಯಾಷ್ ಪೋಸ್ಟಿಂಗ್ ತಂಡಕ್ಕೆ ಫೋನ್ ಮಾಡುತ್ತೇನೆ. ಯಾಕೆಂದರೆ ಆಡಿಟರ್ ಕೂಡ ಅದನ್ನೇ ಕೇಳುತ್ತಾರೆ: ಇಡೀ ವರ್ಷದಲ್ಲಿ ಒಬ್ಬರೂ ಕಟ್ಟಲೇ ಇಲ್ವಾ?